ವಿದ್ಯುತ್-ಕಾಗದಕ್ಕೆ ಬಣ್ಣ ಬಂದಾಗ



ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇಲ್ಲಿಯೇ ಅರಳಿದ ಆ ವರ್ಣಪುಟಗಳು ಇಲ್ಲಿಯ ಓದುಗನ ಕೈಗೆ ಬರುವುದೆಂದು? ಬಣ್ಣದ ವಿದ್ಯುತ್-ಕಾಗದದ ಸುದ್ದಿ ಕೇಳಿದಾಗ ನನಗೆ ಮೊದಲು ಹೊಳೆದ ಪ್ರಶ್ನೆಯಿದು.

ಇದು ದೀಪದಂತೆ ಉರಿಯುವ ಪರದೆಯಲ್ಲ. ಅತಿಸೂಕ್ಷ್ಮ ಕೋಶಗಳಲ್ಲಿ ಬಿಳಿ ಮತ್ತು ಕಪ್ಪು ವರ್ಣಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಒಂದು ಮೇಲೇರಿದರೆ ಮತ್ತೊಂದು ಕೆಳಗಿಳಿಯುತ್ತದೆ. ಮೂಡಿದ ಅಕ್ಷರ ವಿದ್ಯುತ್ತು ನಿಂತರೂ ಅಳಿಯದು. ಹೊರಗಿನ ಬೆಳಕನ್ನೇ ಪ್ರತಿಫಲಿಸುವುದರಿಂದ, ತಿಕೋಟಾದ ದ್ರಾಕ್ಷಿತೋಟದ ಬದುವಿನಲ್ಲಿ ಮಟಮಟ ಮಧ್ಯಾಹ್ನ ಮೊಬೈಲು ಮಂಕಾದಾಗ ಇದು ನಿಚ್ಚಳವಾಗಿ ಕಾಣುತ್ತದೆ.

ಇದಕ್ಕೆ ಬಣ್ಣ ತರಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಕಪ್ಪು-ಬಿಳುಪಿನ ಮೇಲೆ ಕೆಂಪು, ಹಸಿರು, ನೀಲಿಯ ಸೋಸುಪದರವನ್ನು ಹಾಸುವುದು. 2024ರಲ್ಲಿ ಬಂದ ಕೊಬೊ ಲಿಬ್ರಾ ಕಲರ್, ಕಿಂಡಲ್ ಕಲರ್‌ಸಾಫ್ಟ್ ಈ ಬಗೆಯವು. ಪದರವು ಬೆಳಕನ್ನು ನುಂಗುವುದರಿಂದ ಪುಟ ತುಸು ಮಬ್ಬು. ಕಪ್ಪಿನಲ್ಲಿ ಅಂಗುಲಕ್ಕೆ 300 ಇದ್ದ ಚುಕ್ಕೆಗಳು ಬಣ್ಣದಲ್ಲಿ 150ಕ್ಕೆ ಇಳಿಯುತ್ತವೆ. ಅಕ್ಷರದ ಅಡಿಯಲ್ಲಿ ಒತ್ತು ಹೊತ್ತ ನಮ್ಮ ಲಿಪಿಗೆ ಈ ಕೊರತೆ ಹೆಚ್ಚು ತಟ್ಟೀತು. ಇನ್ನೊಂದು ದಾರಿ, ಕೋಶದೊಳಗೆ ಬಣ್ಣದ ಕಣಗಳನ್ನೇ ತುಂಬುವುದು. ವರ್ಣ ಗಾಢವಾಗುತ್ತದೆ, ಪುಟ ಮಗುಚುವುದು ಮಾತ್ರ ನಿಧಾನ.

ಕಾದಂಬರಿಗೂ ಕವಿತೆಗೂ ಬಣ್ಣ ಅನಿವಾರ್ಯವಲ್ಲ. ಭೂಪಟ, ಪಠ್ಯಪುಸ್ತಕ, ಮಕ್ಕಳ ಚಿತ್ರಕಥೆಗಳಿಗೆ ಬೇಕು. ಆದ್ದರಿಂದ ಈ ಸಾಧನದ ಭವಿಷ್ಯವಿರುವುದು ಬಬಲೇಶ್ವರದ ಶಾಲೆಯ ಮಗುವಿನ ಕೈಯಲ್ಲೆಂದು ನನ್ನ ಎಣಿಕೆ. ಬೆಲೆ ಅಲ್ಲಿಯವರೆಗೆ ಇಳಿಯಬೇಕು, ಅಷ್ಟೆ.

ಬೆಲೆಗಿಂತ ದೊಡ್ಡ ತೊಡಕು ಭಾಷೆಯದು. 2016ರಲ್ಲಿ ಕಿಂಡಲ್ ಪುಸ್ತಕಗಳು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಕನ್ನಡ ಆ ಸಾಲಿನಲ್ಲಿರಲಿಲ್ಲ. ಪರದೆಗೆ ಬಣ್ಣ ಬಂದು, ಅದರ ಮೇಲೆ ನಮ್ಮ ಪುಸ್ತಕವೇ ಇರದಿದ್ದರೆ ಫಲವೇನು?

ಇದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆಯ ಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1925ರಲ್ಲಿ ಇಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು, ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಅಚ್ಚಿನ ಯಂತ್ರವನ್ನು ಕಂಡುಹಿಡಿದವರು ಅವರಲ್ಲ. ಅದರ ಬಾಯಲ್ಲಿ ವಚನಗಳನ್ನು ನುಡಿಸಿದವರು ಅವರು. ಹೊಸ ಪರದೆಯ ಮುಂದೆ ನಮಗಿರುವ ಕೆಲಸವೂ ಅಂಥದೇ: ಹಸ್ತಪ್ರತಿಗಳ ವರ್ಣಪ್ರತಿಗಳನ್ನು ಸಿದ್ಧಪಡಿಸುವುದು, ಮಕ್ಕಳ ಪುಸ್ತಕಗಳನ್ನು ಇಂಥ ಪುಟಕ್ಕೆ ಹೊಂದುವಂತೆ ಅಣಿಗೊಳಿಸುವುದು, ನಮ್ಮ ಒತ್ತಕ್ಷರ ಸಣ್ಣ ಅಳತೆಯಲ್ಲೂ ತೊಡಕಾಗದಂಥ ಅಕ್ಷರವಿನ್ಯಾಸವನ್ನು ರೂಪಿಸುವುದು. ಇದನ್ನು ಪರದೇಶದ ಕಾರ್ಖಾನೆ ನಮಗಾಗಿ ಮಾಡಿಕೊಡಲಾರದು.