ಪ್ರಶಸ್ತಿ ಪಟ್ಟಿಯಲ್ಲಿ ಇಲ್ಲದವರು

ನಾನು ಕುಂದಾಪುರ ಕಡೆಯವನು. ಎಂಟೆಕ್ ಮುಗಿಸಿ ಮುಂಬೈಗೆ ಬಂದು ಹನ್ನೊಂದು ವರ್ಷ ಆಯ್ತು. ಮನೆ ಥಾಣೆಯಲ್ಲಿ, ಆಫೀಸು ಐರೋಲಿಯಲ್ಲಿ. ಇವತ್ತು ಕೋಡ್ ಬಗ್ಗೆ ಅಲ್ಲ, ಒಂದು ಸಿನಿಮಾ ಪ್ರಶಸ್ತಿ ಬಗ್ಗೆ ಮಾತಾಡ್ತೇನೆ.

2024ರ ಆಗಸ್ಟ್ 16, ಶುಕ್ರವಾರ. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದೆವು. 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಘೋಷಣೆ ಆಯ್ತು. ಅತ್ಯುತ್ತಮ ನಟ: 'ಕಾಂತಾರ'ದ ರಿಷಬ್ ಶೆಟ್ಟಿ. ನಾನು ಮೇಜು ಕುಟ್ಟಿದೆ. ಎದುರಿಗಿದ್ದ ಮಲಯಾಳಿ ಗೆಳೆಯನ ಮುಖ ಸಣ್ಣದಾಯ್ತು. 'ನನ್ಪಕಲ್ ನೇರತ್ತು ಮಯಕ್ಕಂ' ಸಿನಿಮಾಕ್ಕೆ ಮಮ್ಮೂಟ್ಟಿಗೇ ಬರುತ್ತೆ ಅಂತ ಅವನು ಬರೆದುಕೊಟ್ಟ ಹಾಗೆ ಹೇಳಿದ್ದ. 'ಆಟ್ಟಂ'ಗೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂದರೂ ಅವನಿಗೆ ಸಮಾಧಾನ ಇಲ್ಲ. "ಅದರಲ್ಲಿ ಆಕ್ಟಿಂಗ್ ಎಲ್ಲಿದೆ, ಬರೀ ಮೈಮೇಲೆ ಬರುವುದು" ಅಂದ. ನಾನೂ ಬಿಡಲಿಲ್ಲ. ಅಂಧೇರಿಯಲ್ಲಿ ಆಫೀಸ್ ಬಾಯ್ ಆಗಿದ್ದೆ ಅಂತ ರಿಷಬ್ ಅವರೇ ಹೇಳಿಕೊಂಡಿದ್ದಾರಲ್ಲ, ಅದನ್ನೂ ಸೇರಿಸಿ ಭಾಷಣ ಬಿಗಿದೆ.

ಆಮೇಲೆ ದಕ್ಷಿಣದ ತೀರ್ಪುಗಾರರಲ್ಲಿ ಒಬ್ಬರು ಒಂದು ಮಾತು ಹೇಳಿದರು: ಮಮ್ಮೂಟ್ಟಿಯವರ ಯಾವ ಸಿನಿಮಾವೂ ಸ್ಪರ್ಧೆಗೆ ಬಂದೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟಿಕೆಟ್ಟೇ ರೈಸ್ ಆಗಿಲ್ಲ. ಕ್ಯೂನಲ್ಲಿ ಇಲ್ಲದ್ದನ್ನು ಯಾರು ನೋಡ್ತಾರೆ? ಗೆಳೆಯನನ್ನು ಇದೇ ಹೇಳಿ ಒಂದು ವಾರ ರೇಗಿಸಿದೆ.

ಅಷ್ಟಕ್ಕೇ ಮುಗೀಬೇಕಿತ್ತು. ಆದರೆ ಅವತ್ತು ರಾತ್ರಿಯೇ ಅಪ್ಪಯ್ಯನಿಗೆ ಫೋನ್ ಮಾಡಿದ್ದೆ. ಅವರು ಚೆಂಬೂರಿನ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದು ಈಗ ಊರಲ್ಲಿದ್ದಾರೆ. ಕೆರಾಡಿ ನಮಗೆ ದೂರ ಅಲ್ಲ, ಹಾಗಾಗಿ ಅವರಿಗೂ ಖುಷಿ. "ನಮ್ ಬದಿ ಮಾಣಿ, ಚಂದ ಮಾಡಿದ್ದ" ಅಂದರು. ಸ್ವಲ್ಪ ತಡೆದು ಕೇಳಿದರು: "ನಮ್ಮನೆ ಕೋಲದಲ್ ದೈವ ಕಟ್ಟುವವನ ಹೆಸ್ರ್ ಎಂತದ್, ಗೊತ್ತಿತ್ತಾ ನಿಂಗೆ?"

ಗೊತ್ತಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಆ ಮನುಷ್ಯ ವರ್ಷ ವರ್ಷ ನಮ್ಮ ಅಂಗಳಕ್ಕೆ ಬರ್ತಾರೆ. ಇಡೀ ರಾತ್ರಿ ಕುಣಿದು, ನನ್ನ ತಲೆ ಮೇಲೆ ಕೈ ಇಟ್ಟು ಅಭಯ ಕೊಟ್ಟವರು. ನಾನು ರಿಲೀಸ್, ಡೆಡ್‌ಲೈನ್ ಅಂತ ಏಳು ವರ್ಷದಿಂದ ಕೋಲಕ್ಕೆ ಹೋಗಿರಲಿಲ್ಲ. ಹೋಗುತ್ತಿದ್ದಾಗಲೂ ಹೆಸರು ಕೇಳಿರಲಿಲ್ಲ. ಮೈಕ್ರೋಸರ್ವಿಸ್ ಹೆಸರುಗಳೆಲ್ಲ ಬಾಯಿಪಾಠ, ಇದೊಂದು ಗೊತ್ತಿಲ್ಲ.

ಆ ವಾರಾಂತ್ಯ ಕೂತು ಹುಡುಕಿದೆ. ಕನ್ನಡ ಸಿನಿಮಾದ ಪಾತ್ರಕ್ಕೆ ಈ ನಟ ಪ್ರಶಸ್ತಿ ಬಂದದ್ದು ಇದು ನಾಲ್ಕನೇ ಸಲ. 1975ರ 'ಚೋಮನ ದುಡಿ'ಗೆ ಎಂ.ವಿ. ವಾಸುದೇವ ರಾವ್. 1986ರ 'ತಬರನ ಕಥೆ'ಗೆ ಚಾರುಹಾಸನ್. 2014ರ 'ನಾನು ಅವನಲ್ಲ ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. ಈಗ 'ಕಾಂತಾರ'. ನಾಲ್ಕನ್ನೂ ಒಂದಾದ ಮೇಲೊಂದು ನೋಡಿದೆ. ಚೋಮ ಸ್ವಂತ ಗದ್ದೆ ಉಳಬೇಕೆಂದು ಆಸೆಪಟ್ಟ ದಲಿತ, ಅವನಿಗೆ ಅದು ದಕ್ಕುವುದೇ ಇಲ್ಲ. ತಬರ ಪಿಂಚಣಿಗಾಗಿ ಕಚೇರಿ ಅಲೆಯುವವನು. ವಿಜಯ್ ಮಾಡಿದ ಪಾತ್ರ ಹೆಣ್ಣಾಗಿ ಬದುಕಲು ಮನೆ ಬಿಟ್ಟು ಹೋಗಬೇಕಾದ ಜೀವ. ಶಿವನ ಊರಿನವರ ಜಾಗದ ಮೇಲೆ ಎಲ್ಲರ ಕಣ್ಣು. ನಾಲ್ವರೂ ಯಾರ ಪಟ್ಟಿಯಲ್ಲೂ ಇಲ್ಲದವರು. ಇವರ ಪಾತ್ರ ಮಾಡಿದವರಿಗೆ ದೆಹಲಿಯಲ್ಲಿ ಪದಕ ಬಂತು. ಪಾತ್ರದ ಹಿಂದಿರುವ ಜನರ ಎಂಟ್ರಿ ಕಳಿಸುವವರು ಯಾರು?

ಇದು ರಿಷಬ್ ಶೆಟ್ಟಿ ಮೇಲಿನ ದೂರಲ್ಲ. ಸಿನಿಮಾ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಅಕ್ಟೋಬರಿನಲ್ಲೇ ಕರ್ನಾಟಕ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸಿತು. ಒಂದು ಸಿನಿಮಾದಿಂದ ಅಷ್ಟಾದರೂ ಆಯ್ತು. ಹತ್ತು ಜನರಿಗೆ ರೀಲ್ಸ್ ಫಾರ್ವರ್ಡ್ ಮಾಡಿದ ನನ್ನಿಂದ ಏನಾಯ್ತು?

ಅಕ್ಟೋಬರ್ 8ಕ್ಕೆ ವಿಜ್ಞಾನ ಭವನದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಪ್ರಶಸ್ತಿ ಕೊಟ್ಟರು. ರಿಷಬ್ ಪಂಚೆ ಉಟ್ಟು ಹೋಗಿ ತೆಗೆದುಕೊಂಡರು. ಅದನ್ನು ಮೊಬೈಲಿನಲ್ಲಿ ನೋಡುತ್ತಲೇ ಕೋಲಕ್ಕೆ ರಜೆ ಹಾಕಿದೆ. ಮ್ಯಾನೇಜರ್ ಕಾರಣ ಕೇಳಿದರು. ಬೇರೆ ವರ್ಷ ಆಗಿದ್ದರೆ 'ಫ್ಯಾಮಿಲಿ ಫಂಕ್ಷನ್' ಅಂತಿದ್ದೆ. ಈ ಸಲ ಭೂತಕೋಲ ಅಂತಲೇ ಬರೆದೆ. ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋದೆ.

ಬೆಳಗಿನ ಜಾವ ಕೋಲ ಮುಗಿದು ಅವರು ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಚಾ ಕೊಟ್ಟು ಪಕ್ಕದಲ್ಲಿ ಕೂತೆ. ಹೆಸರು ಕೇಳಿದೆ, ಹೇಳಿದರು. ಮಾಸಾಶನ ಬರ್ತದಾ ಅಂತ ವಿಚಾರಿಸಿದೆ. "ನಂಗೆ ಐವತ್ತೆಂಟೇ ಆದ್ದ್ ಮಾರಾಯ್ರೆ, ಇನ್ನೂ ಎರಡು ವರ್ಷ ಕುಣೀಕ್" ಅಂತ ನಕ್ಕರು. ಕೈ ನಡುಗುತ್ತಿತ್ತು, ಚಾ ತುಳುಕಿತು. ಅರವತ್ತಾದಾಗ ಅರ್ಜಿ ನಾನೇ ತುಂಬಿ ಕೊಡ್ತೇನೆ ಅಂತ ಹೇಳಿ ಬಂದಿದ್ದೇನೆ. ಕ್ಯಾಲೆಂಡರಿನಲ್ಲಿ ರಿಮೈಂಡರ್ ಇದೆ.

ನಿಮ್ಮೂರಲ್ಲೂ ಹೀಗೆ ಒಬ್ಬರು ಇರ್ತಾರೆ. ಈ ವಿಡಿಯೋ ಮುಗಿದ ಮೇಲೆ ಮನೆಗೆ ಫೋನ್ ಮಾಡಿ, ಅವರ ಹೆಸರು ಕೇಳಿ. ಅಷ್ಟೇ.