ಚಿಕಿತ್ಸೆಯಲ್ಲಿ ಲಾಘವ



ವ್ಯಾಕರಣಕಾರರಿಗೆ ಲಾಘವವೆಂಬುದು ದೊಡ್ಡ ಗುಣ. ಸೂತ್ರದಲ್ಲಿ ಒಂದಕ್ಷರ ಉಳಿದರೂ ಅವರಿಗೆ ಹಬ್ಬ. ಮೂವತ್ತು ವರ್ಷ ತರಗತಿಯಲ್ಲಿ ಇದನ್ನು ಹೇಳುತ್ತ ಬಂದ ನಾನು ಅದರ ಬೆಲೆಯನ್ನು ಅರಿತದ್ದು ವೈದ್ಯರೊಬ್ಬರ ಎದುರಿಗೆ ಕುಳಿತಾಗ.

ನನ್ನದು ಎರಡನೆಯ ಬಗೆಯ ಮಧುಮೇಹ. ಮಾತ್ರೆಗಳು ಸಾಲದಾದಾಗ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ವಿಧಿಸಿದರು: ಮೂರು ಹೊತ್ತಿನ ಆಹಾರಕ್ಕೆ ಮುನ್ನ ಶೀಘ್ರವಾಗಿ ಕೆಲಸ ಮಾಡುವಂಥದು, ಮಲಗುವಾಗ ದಿನವಿಡೀ ನಿಲ್ಲುವಂಥದು. ಮದುವೆಮನೆಯ ಪಂಕ್ತಿಯಲ್ಲಿ ಅಂಗಿ ಎತ್ತುವುದು ಹೇಗೆ? ಒಂದು ತಪ್ಪಿತು, ಎರಡು ತಪ್ಪಿತು. ಪರೀಕ್ಷೆಯಲ್ಲಿ ನಕಲು ಹಿಡಿಯುತ್ತಿದ್ದ ನಾನೇ ಲೆಕ್ಕದ ಪುಸ್ತಕದಲ್ಲಿ ಸುಳ್ಳು ಬರೆಯತೊಡಗಿದೆ. ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಮಾತ್ರ 9.4ರಲ್ಲಿ ನಿಂತಿತ್ತು. ಪುಸ್ತಕವನ್ನು ನಂಬಿ ವೈದ್ಯರು ಪ್ರಮಾಣ ಏರಿಸಿದರು. ಏರಿದ ಪ್ರಮಾಣವನ್ನು ಒಂದು ದಿನ ನಿಯಮದಂತೆ ಪೂರ್ತಿ ತೆಗೆದುಕೊಂಡೆ. ಆ ರಾತ್ರಿ ಮೈಯೆಲ್ಲ ಬೆವರಿ ನಾಲಿಗೆ ತೊದಲಿತು. ನನ್ನಾಕೆ ಸಕ್ಕರೆ ನೀರು ಕುಡಿಸದಿದ್ದರೆ ಈ ಭಾಷಣಕ್ಕೆ ನಾನಿರುತ್ತಿದ್ದೆನೋ ಇಲ್ಲವೋ.

ಮುಂದಿನ ಭೇಟಿಯಲ್ಲಿ ವೈದ್ಯರು ಪುಸ್ತಕವನ್ನು ಮುಚ್ಚಿಟ್ಟು, "ಮೇಷ್ಟ್ರೆ, ವಾರಕ್ಕೆ 28 ಚುಚ್ಚುಮದ್ದು. ನಿಜವಾಗಿ ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದರು. ತಲೆ ತಗ್ಗಿಸಿ, "ಹದಿನಾರೋ ಹದಿನೇಳೋ" ಎಂದೆ. ಅವರು ಗದರಲಿಲ್ಲ. "ನಡೆಸಲಾಗದ ಕ್ರಮವನ್ನು ಬರೆದುಕೊಟ್ಟದ್ದು ನನ್ನ ತಪ್ಪೂ ಹೌದು" ಎಂದರು.

ಅವರು ವಿವರಿಸಿದ್ದು ಇಷ್ಟು. ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಬಹುಮಟ್ಟಿಗೆ ಬತ್ತಿರುತ್ತದೆ. ಅಲ್ಲಿ ಊಟದ ಇನ್ಸುಲಿನ್ನನ್ನು ಬಿಡುವಂತಿಲ್ಲ. ಎರಡನೆಯದರಲ್ಲಿ ಅನೇಕರಿಗೆ ಅಷ್ಟಿಷ್ಟು ಉಳಿದಿರುತ್ತದೆ. ಆದ್ದರಿಂದ ದೀರ್ಘಕಾಲ ನಿಲ್ಲುವ ಇನ್ಸುಲಿನ್ನನ್ನೂ, ಗ್ರಂಥಿಯನ್ನು ಹೊತ್ತರಿತು ಪ್ರಚೋದಿಸುವ ಜಿಎಲ್‌ಪಿ-1 ವರ್ಗದ ಔಷಧವನ್ನೂ ಒಂದೇ ಚುಚ್ಚುಮದ್ದಿನಲ್ಲಿ ಕೂಡಿಸಿ ಕೊಡಬಹುದು. ನಾಲ್ಕರ ಕ್ರಮದಿಂದಲೂ ಸಕ್ಕರೆ ಹತೋಟಿಗೆ ಬಾರದ 305 ಮಂದಿಯ ಮೇಲೆ ಇಟಲಿಯಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಕೆಲವರಿಗೆ ಹಳೆಯ ಕ್ರಮವನ್ನೇ ಬಿಗಿಗೊಳಿಸಿದರು. ಉಳಿದವರಿಗೆ ಊಟದ ಇನ್ಸುಲಿನ್ ಬಿಡಿಸಿ ಬೇರೆ ಔಷಧ ಕೂಡಿಸಿದರು. ಆರು ತಿಂಗಳಲ್ಲಿ ಎಚ್‌ಬಿಎ1ಸಿ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ ಸಮನೆ ಇಳಿಯಿತು. ಸಕ್ಕರೆ ತೀರ ಕುಸಿಯುವ ಪ್ರಸಂಗಗಳು ಮಾತ್ರ ಸರಳ ಕ್ರಮದವರಲ್ಲಿ ಕಡಿಮೆಯಿದ್ದವು.

ನನಗೀಗ ಬೆಳಗ್ಗೆ ಒಂದೇ ಚುಚ್ಚುಮದ್ದು. ಎಚ್‌ಬಿಎ1ಸಿ 7.6ಕ್ಕೆ ಇಳಿದಿದೆ. ಇದನ್ನು ಕೇಳಿ ಯಾರೂ ತಮ್ಮ ಇನ್ಸುಲಿನ್ನನ್ನು ತಾವೇ ಬಿಡಬಾರದು. ಯಾರಿಗೆ ಯಾವುದು ಸಲ್ಲುತ್ತದೆಂಬುದನ್ನು ವೈದ್ಯರೇ ಹೇಳಬೇಕು. ಆದರೆ ಅವರು ಹೇಳಬೇಕಾದರೆ ನಾವು ನಿಜ ನುಡಿಯಬೇಕು. ತಪ್ಪಿದ ಚುಚ್ಚುಮದ್ದನ್ನು ತಪ್ಪಿತೆಂದೇ ಬರೆಯಿರಿ. ನನ್ನ ಪುಸ್ತಕದಲ್ಲಿ ಈಗ ಸುಳ್ಳಿಗೆ ಎಡೆಯೂ ಇಲ್ಲ, ಅಗತ್ಯವೂ ಇಲ್ಲ.