ಅರ್ಜಿ ತುಂಬುವ ಮೊದಲು

(ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೂ ಪೋಷಕರಿಗೂ ಹಳೆ ವಿದ್ಯಾರ್ಥಿ ಸಂಘ ಏರ್ಪಡಿಸಿದ್ದ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)

 

ಕಂಪ್ಯೂಟರ್ ಇಂಜಿನಿಯರ್ ಆಗುವುದು ಹೇಗೆ ಎಂದು ನಾನು ಹೇಳುತ್ತೇನೆಂದು ನೀವು ಕಾದಿರಬಹುದು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಂದು ನರ್ಸಿಂಗ್ ಮತ್ತು ಆಸ್ಪತ್ರೆಗೆ ಸಂಬಂಧಿಸಿದ ಇತರ ಕೋರ್ಸುಗಳಿಗೆ ಅರ್ಜಿ ಹಾಕುವ ವಿಷಯ ಮಾತಾಡುತ್ತೇನೆ. ಇದನ್ನು ಹೇಳಲು ನಿಜವಾದ ಅರ್ಹತೆ ಇರುವುದು ನನ್ನ ಚಿಕ್ಕಮ್ಮನ ಮಗಳಿಗೆ. ಅವಳೂ ಇದೇ ಶಾಲೆಯವಳು. ಈಗ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಇವತ್ತು ವಾರ್ಡಿನಲ್ಲಿ ಡ್ಯೂಟಿ ಇದೆ, ರಜೆ ಸಿಗಲಿಲ್ಲ. "ನೀನೇ ಹೋಗಿ ಹೇಳು ಅಣ್ಣ, ನೀನು ಮಾಡಿದ್ದನ್ನೂ ಹೇಳು" ಎಂದಳು. ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ.

2023ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪ್ರವೇಶವೂ ಸಿಇಟಿ ಮೂಲಕ ಎಂದಾಯಿತು. ಅವಳು ಆಗ ಪಿಯು ವಿಜ್ಞಾನ ಮುಗಿಸುತ್ತಿದ್ದಳು. ಚಿಕ್ಕಪ್ಪನದು ಸಂಪಾಜೆ ಕಡೆ ಸಣ್ಣ ಅಡಿಕೆ ತೋಟ. ಹಳದಿ ಎಲೆ ರೋಗ ಬಂದು ಮರಗಳು ಒಂದೊಂದಾಗಿ ಹೋಗಿದ್ದವು. ಸರ್ಕಾರಿ ಸೀಟು ಸಿಕ್ಕರೆ ಮಾತ್ರ ಓದು ಎಂಬ ಸ್ಥಿತಿ. "ಅಣ್ಣ ಸಾಫ್ಟ್‌ವೇರಿನಲ್ಲಿದ್ದಾನೆ, ಅರ್ಜಿ ಅವನೇ ತುಂಬಲಿ" ಎಂದರು. ನಾನೂ ಬೆಂಗಳೂರಿನಲ್ಲಿ ಕುಳಿತು, ರಾತ್ರಿ ಹನ್ನೊಂದು ಗಂಟೆಗೆ, ಅರ್ಧ ಗಂಟೆಯಲ್ಲಿ ತುಂಬಿದೆ. ಗ್ರಾಮೀಣ ಮೀಸಲಾತಿ ಕೇಳುತ್ತೀರಾ, ಕನ್ನಡ ಮಾಧ್ಯಮ ಮೀಸಲಾತಿ ಕೇಳುತ್ತೀರಾ ಎಂಬ ಎರಡು ಪ್ರಶ್ನೆ ಬಂತು. ಪ್ರಮಾಣಪತ್ರ ಕೈಯಲ್ಲಿರಲಿಲ್ಲ. ಸುಳ್ಳು ಮಾಹಿತಿ ಕೊಟ್ಟಂತೆ ಆಗಬಾರದು ಎಂದುಕೊಂಡು ಎರಡಕ್ಕೂ "ಇಲ್ಲ" ಒತ್ತಿದೆ. ಒಂದನೆಯಿಂದ ಹತ್ತನೆಯವರೆಗೆ ಹಳ್ಳಿಯಲ್ಲೇ, ಕನ್ನಡದಲ್ಲೇ ಓದಿದ ಹುಡುಗಿಗೆ! ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ತಿದ್ದಿಕೊಳ್ಳಲು ಅವಕಾಶವಿದ್ದ ದಿನಗಳೂ ನನ್ನ ಆಫೀಸಿನ ಗಡಿಬಿಡಿಯಲ್ಲಿ ಕಳೆದವು.

ಸೀಟು ಹಂಚಿಕೆಯಾದ ಮೇಲೆ ಕೊನೆಯ ರ‍್ಯಾಂಕಿನ ಪಟ್ಟಿ ನೋಡಿದೆ. ಅವಳು ಮೊದಲು ಬರೆದಿದ್ದ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದ ಸೀಟು ಅವಳಿಗಿಂತ ಹಿಂದಿನ ರ‍್ಯಾಂಕಿನವರಿಗೆ ಸಿಕ್ಕಿತ್ತು. ಅವಳು ಸಾಲ ಮಾಡಿ ಖಾಸಗಿ ಕಾಲೇಜು ಸೇರಿದಳು. ಕಂತಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ. ಅದು ಉಪಕಾರ ಅಲ್ಲ, ದಂಡ.

ಈಗ ನಿಮ್ಮ ವಿಷಯ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಂಚುವ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗಿನ ಪೂರ್ತಿ ಹತ್ತು ವರ್ಷದ ಓದು ಲೆಕ್ಕಕ್ಕೆ ಬರುತ್ತದೆ. ಓದಿದ ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು, ಅದರ ಮೇಲೆ ಬಿಇಓ ಸಹಿ ಬೇಕು. ಒಂದರಿಂದ ಏಳು ಒಂದು ಶಾಲೆ, ಎಂಟರಿಂದ ಹತ್ತು ಇನ್ನೊಂದು ಶಾಲೆ ಆದರೆ ಎರಡೂ ಕಡೆಯಿಂದ ತರಬೇಕು. ಮೇ ತಿಂಗಳಲ್ಲಿ ಶಾಲೆಗೆ ರಜೆ, ಹೆಡ್‌ಮಾಸ್ಟರು ಊರಲ್ಲಿರುವುದಿಲ್ಲ, ಹೊರಗೆ ಮಳೆ ಶುರು. ಆಗ ಓಡಾಡುವುದಕ್ಕಿಂತ ಹತ್ತನೆಯ ಟಿ.ಸಿ. ತೆಗೆದುಕೊಳ್ಳುವ ದಿನವೇ ಇದನ್ನೂ ಕೇಳಿ ಬರೆಸಿಟ್ಟುಕೊಳ್ಳಿ.

ಒಂದು ಸೂಕ್ಷ್ಮ ಇದೆ. ಪಟ್ಟಣ ಪಂಚಾಯತ್ ಅಥವಾ ನಗರಸಭೆ ವ್ಯಾಪ್ತಿಯ ಶಾಲೆಯಲ್ಲಿ ಓದಿದ ವರ್ಷ ಗ್ರಾಮೀಣ ಅಲ್ಲ. ಸುಳ್ಯ ಪೇಟೆ, ಪುತ್ತೂರು ಪೇಟೆಯವರಿಗೆ ಇದು ಗೊತ್ತಿರುವ ವಿಷಯ. ಕಡಬ ತಾಲೂಕಾದದ್ದು 2018ರಲ್ಲಿ, ಪಟ್ಟಣ ಪಂಚಾಯತ್ ಆದದ್ದು ಅದರ ನಂತರ. ಕಡಬ ಪೇಟೆಯ ಶಾಲೆಗಳಲ್ಲಿ ಕಲಿತವರು ತಮ್ಮ ಯಾವ ಯಾವ ವರ್ಷ ಲೆಕ್ಕಕ್ಕೆ ಬರುತ್ತದೆ ಎಂದು ಬಿಇಓ ಕಚೇರಿಯಲ್ಲಿ ಈಗಲೇ ವಿಚಾರಿಸಿ. ಗ್ರಾಮೀಣ ತಪ್ಪಿದರೂ ಕನ್ನಡ ಮಾಧ್ಯಮ ಉಳಿಯುತ್ತದೆ. ಗಡಿಯಾಚೆ ಅಡೂರು, ದೇಲಂಪಾಡಿ ಕಡೆ ನಿಮ್ಮ ನೆಂಟರ ಮಕ್ಕಳಿದ್ದರೆ ಅವರಿಗೂ ಹೇಳಿ: ಗಡಿನಾಡ ಕನ್ನಡಿಗರು ಅರ್ಜಿ ಹಾಕಲು ಬೇರೆಯದೇ ಕಲಂ ಇದೆ, ಅವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ.

ಯಾವ ಕೋರ್ಸು? ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಪಿಯುವಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕೇ ಬೇಕು. ಸಾಮಾನ್ಯ ವರ್ಗಕ್ಕೆ ಈ ವಿಷಯಗಳಲ್ಲಿ ಒಟ್ಟು ನೂರಕ್ಕೆ 45, ಪರಿಶಿಷ್ಟರಿಗೆ 40 ಅಂಕ. ಆದ್ದರಿಂದ ನಿರ್ಧಾರ ಆಗುವುದು ಹನ್ನೆರಡರ ನಂತರ ಅಲ್ಲ, ಇನ್ನು ಕೆಲವೇ ತಿಂಗಳಲ್ಲಿ ನೀವು ಪಿಯುಗೆ ಸೇರುವಾಗ. ಕಾಮರ್ಸೋ ಆರ್ಟ್ಸೋ ತೆಗೆದುಕೊಂಡು ಆಮೇಲೆ ಮನಸ್ಸು ಬದಲಾದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ, ಎರಡು ವರ್ಷದ ಎಎನ್‌ಎಂ ಇದೆ. ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಿ ಪದವಿ ಪಡೆಯಬಹುದು. ಹುಡುಗರಿಗೂ ಹೇಳುತ್ತಿದ್ದೇನೆ, ಹಿಂದಿನ ಬೆಂಚಿನವರು ನಗಬೇಡಿ. ಐಸಿಯುನಲ್ಲಿ ಎಂಬತ್ತು ಕೆಜಿ ರೋಗಿಯನ್ನು ಮಗ್ಗುಲು ತಿರುಗಿಸಲು ಯಾರು ಬೇಕು ಎಂದು ನೋಡಿದ ಮೇಲೆ ನಗು.

ನರ್ಸಿಂಗ್ ಬೇಡ, ಆದರೆ ಆಸ್ಪತ್ರೆಯ ಕೆಲಸ ಆಗಬಹುದು ಎನ್ನುವವರಿಗೆ ಲ್ಯಾಬ್, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್, ಡಯಾಲಿಸಿಸ್, ಆಪರೇಷನ್ ಥಿಯೇಟರ್ ತಂತ್ರಜ್ಞಾನ, ಫಿಸಿಯೊಥೆರಪಿ ಇವೆ. ಹೆಚ್ಚಿನ ಪದವಿಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ. ಮಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಅರ್ಜಿ ಕರೆಯುತ್ತವೆ. ಡಿಪ್ಲೊಮಾಗಳು ಪ್ಯಾರಾಮೆಡಿಕಲ್ ಬೋರ್ಡಿನ ಕೆಳಗೆ. 2021ರಲ್ಲಿ ಈ ವೃತ್ತಿಗಳಿಗೆಲ್ಲ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ಅದರಿಂದ ನಿಯಮಗಳು ಬದಲಾಗುತ್ತಲೇ ಇವೆ. ನಾನು ಇವತ್ತು ಹೇಳಿದ್ದನ್ನೇ ನಂಬಿ ಕೂರಬೇಡಿ, ಆ ವರ್ಷದ ಕೈಪಿಡಿ ಓದಿ. ಅಕ್ಕನಿಗೆ ಹೀಗಿತ್ತು, ನನಗೂ ಹಾಗೇ ಎನ್ನುವುದು ಇಲ್ಲಿ ನಡೆಯುವುದಿಲ್ಲ.

ಸುಳ್ಯದವರಿಗೆ ಮನೆ ಹತ್ತಿರವೇ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕೆವಿಜಿ ಸಂಸ್ಥೆಗಳಿವೆ. ಮಂಗಳೂರಿನಲ್ಲಿ 1848ರಷ್ಟು ಹಳೆಯ ವೆನ್‌ಲಾಕ್ ಇದೆ, 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಇದೆ. ಇಷ್ಟೆಲ್ಲ ಬಾಗಿಲಲ್ಲೇ ಇದ್ದರೂ ಮಂಗಳೂರಿನ ನರ್ಸಿಂಗ್ ತರಗತಿಗಳಲ್ಲಿ ಮಲಯಾಳಂ ಕೇಳಿಸುವಷ್ಟು ತುಳು, ಅರೆಭಾಷೆ ಕೇಳಿಸುವುದಿಲ್ಲ ಎಂದು ತಂಗಿ ಹೇಳುತ್ತಾಳೆ. ಕೇರಳದವರ ಮೇಲೆ ದೂರಲ್ಲ, ಅವರು ಕಷ್ಟಪಟ್ಟು ಬಂದು ಕಲಿಯುತ್ತಾರೆ. ಆದರೆ ಕಳೆದ ವರ್ಷ ಅವಳ ವಾರ್ಡಿಗೆ ನಮ್ಮ ಕಡೆಯ ಅಜ್ಜಿಯೊಬ್ಬರು ಬಂದರಂತೆ. "ತಿಗಲೆ ಬೇನೆ" ಎಂದು ಎರಡು ಸಲ ಹೇಳಿದರಂತೆ. ಎದೆ ನೋವು ಎಂದು ಅರ್ಥವಾದದ್ದು ಅಲ್ಲಿದ್ದವರಲ್ಲಿ ಇವಳೊಬ್ಬಳಿಗೇ. ಓಡಿ ಹೋಗಿ ಸಿಸ್ಟರನ್ನು ಕರೆದಳು. ನಿಮಗೆ ಮನೆಯಲ್ಲೇ ಬಂದಿರುವ ತುಳು, ಬ್ಯಾರಿ, ಅರೆಭಾಷೆಗಳನ್ನು ಯಾವ ಕಾಲೇಜೂ ನಾಲ್ಕು ವರ್ಷದಲ್ಲಿ ಕಲಿಸುವುದಿಲ್ಲ. ಫಿಸಿಯೊಥೆರಪಿ ಎಂದರೆ ಕ್ರಿಕೆಟ್ ಆಟಗಾರರಿಗೆ ಮಾತ್ರ ಎಂದುಕೊಂಡವರು ಒಮ್ಮೆ ಕೊಯಿಲಕ್ಕೋ ಕೊಕ್ಕಡಕ್ಕೋ ಹೋಗಿ ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರ ನೋಡಿ ಬನ್ನಿ.

ದುಡ್ಡಿನ ವಿಷಯ. ಪೋಷಕರೇ, ಸೀಟು ಕೊಡಿಸುತ್ತೇನೆ ಎಂದು ಮನೆಗೇ ಬರುವವರ ಕೈಗೆ ಅಸಲು ಅಂಕಪಟ್ಟಿ ಕೊಡಬೇಡಿ. ನಮ್ಮೂರಿನ ಒಬ್ಬ ಹುಡುಗಿಯ ಅಂಕಪಟ್ಟಿ ಹೀಗೆ ಹೋದದ್ದು ವಾಪಸು ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಪೇಟೆಯಲ್ಲಿ ಆರು ತಿಂಗಳಲ್ಲಿ, ವರ್ಷದಲ್ಲಿ ನರ್ಸಿಂಗ್ ಎಂಬ ಬೋರ್ಡು ಕಂಡರೆ ಒಂದೇ ಪ್ರಶ್ನೆ ಕೇಳಿ: ಇದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ? ನೋಂದಣಿ ಇಲ್ಲದಿದ್ದರೆ ಆಕೆ ಸಹಾಯಕಿ, ನರ್ಸ್ ಅಲ್ಲ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅಲ್ಪಸಂಖ್ಯಾತರ ಮತ್ತು ಹಿಂದುಳಿದ ವರ್ಗಗಳ ನಿಗಮಗಳಲ್ಲಿ ಅರಿವು ಸಾಲ ಇದೆ. ಬ್ಯಾಂಕಿನಲ್ಲಿ ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ತೋಟ ಅಡವಿಡಬೇಕಾಗಿಲ್ಲ. ಇದನ್ನು ತಿಳಿಯದೆ ಚಿಕ್ಕಪ್ಪ ಮೊದಲು ಚಿನ್ನ ಅಡವಿಟ್ಟಿದ್ದರು.

ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ಕೇಳುತ್ತಾರೆ. ರಬ್ಬರ್ ತೋಟದ ಕಾಲನಿಗಳ ಮಕ್ಕಳು ಇದನ್ನು ಇನ್ನೂ ಬೇಗ ಶುರು ಮಾಡಿ. ಹೆಸರು ಆಧಾರಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇರುವುದು ನಮ್ಮ ಕಡೆ ಮಾಮೂಲು: ಒಂದರಲ್ಲಿ ಮನೆ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿ ನೋಂದಣಿಯ ಪಟ್ಟಿ ಈ ತಿಂಗಳು ನಿಮ್ಮ ಮುಂದೆ ಬರುವಾಗ ಅಕ್ಷರ ಅಕ್ಷರ ನೋಡಿ ಸಹಿ ಹಾಕಿ. ಆ ಮೇಲೆ ಮಾಡಿಸುವ ತಿದ್ದುಪಡಿಗೆ ಬೆಂಗಳೂರಿನವರೆಗೂ ಅಲೆದವರಿದ್ದಾರೆ.

ಇಷ್ಟು ಸಾಕು, ಊಟದ ಹೊತ್ತಾಯಿತು. ಎರಡು ಗಂಟೆಗೆ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ. ವ್ಯಾಸಂಗ ಪ್ರಮಾಣಪತ್ರದ ನಮೂನೆ ಅರುವತ್ತು ಪ್ರತಿ ಮಾಡಿಸಿ ತಂದಿದ್ದೇನೆ. ಮುಖ್ಯೋಪಾಧ್ಯಾಯರು ಇವತ್ತೇ ಸಹಿ ಹಾಕಿ ಕೊಡಲು ಒಪ್ಪಿದ್ದಾರೆ. ಏಳನೆಯವರೆಗಿನ ಶಾಲೆಯ ಹೆಸರು, ಸೇರಿದ ವರ್ಷ, ಬಿಟ್ಟ ವರ್ಷ ನೆನಪಿಲ್ಲದವರು ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ.